ಟನ್ ಕಬ್ಬಿಗೆ ಮೂರು ಲೀಟರ್ ನೀರು

(ಕಬ್ಬು ಬೆಳೆಗಾರರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ನಾನು ಮಾತಾಡಬೇಕೆಂದಿರುವುದು ಎಥನಾಲಿನಿಂದ ನೀರು ತೆಗೆಯುವ ವಿಚಾರ. ಕಬ್ಬಿನ ಬೆಲೆ, ಬಾಕಿ ಬಿಲ್ಲು, ಬ್ಯಾಂಕಿನ ನೋಟೀಸು ಇವನ್ನೆಲ್ಲ ಬಿಟ್ಟು ಇದ್ಯಾವ ರಸಾಯನಶಾಸ್ತ್ರದ ಪಾಠ ಅಂತ ನಿಮಗೆ ಅನ್ನಿಸಬಹುದು. ಅನ್ನಿಸಲಿ. ಆದರೆ ಬೆಲೆಯ ಮಾತು ಎತ್ತಿದಾಗಲೆಲ್ಲ ಕಾರ್ಖಾನೆಯ ಕಡೆಯಿಂದ ಒಂದು ಉತ್ತರ ಬರ್ತದೆ, ನೀವೆಲ್ಲ ಕೇಳಿದ್ದೀರಿ: "ಎಥನಾಲ್ ಮಾಡೋದು ಸಾರಾಯಿ ಕಾಯಿಸಿದ ಹಾಗಲ್ಲ ಸ್ವಾಮಿ. ಅದರಲ್ಲಿ ನೀರಿನ ಪಸೆ ಇರಬಾರದು. ಅದನ್ನು ಒಣಗಿಸೋ ಯಂತ್ರಕ್ಕೆ ಕೋಟಿಗಟ್ಟಲೆ ಸಾಲ ಮಾಡಿದ್ದೇವೆ. ಹಬೆ ಬೇಕು, ರಾಸಾಯನಿಕ ಬೇಕು. ನಿಮಗೆ ಕೊಡೋಕೆ ಏನು ಉಳೀತದೆ?" ಈ ಮಾತಿಗೆ ನಮ್ಮವರು ಸುಮ್ಮನಾಗಿಬಿಡ್ತಾರೆ. ಗೊತ್ತಿಲ್ಲದ ಯಂತ್ರದ ಮುಂದೆ ಎಂಥ ಧೈರ್ಯಸ್ಥನೂ ಸುಮ್ಮನಾಗ್ತಾನೆ. ಆದ್ದರಿಂದ ಆ ಒಣಗಿಸುವ ಯಂತ್ರದ ಒಳಗೇ ಒಂದು ಸಲ ಹೋಗಿ ಬರೋಣ.

ಮೊದಲು ಒಣಗಿಸುವುದು ಯಾಕೆ ಬೇಕು ಅನ್ನೋದು. ನೀರು ಮತ್ತು ಮದ್ಯಸಾರ ಎಷ್ಟು ಬೇಕಾದರೂ ಬೆರೆಯುತ್ತವೆ. ಮದ್ಯಸಾರ ಮತ್ತು ಪೆಟ್ರೋಲೂ ಬೆರೆಯುತ್ತವೆ. ನೀರು, ಪೆಟ್ರೋಲು ಮಾತ್ರ ಬೆರೆಯೋದಿಲ್ಲ. ಪೆಟ್ರೋಲಿಗೆ ನೀರಿರುವ ಮದ್ಯಸಾರ ಸುರಿದರೆ ನೀರು ಮದ್ಯಸಾರವನ್ನು ತನ್ನ ಕಡೆ ಎಳೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿದು ಬೇರೆ ಪದರವಾಗಿ ಕೂರ್ತದೆ. ಗಾಡಿಗೆ ತಳದಿಂದಲೇ ಇಂಧನ ಹೋಗೋದು, ಅಲ್ವೇ? ಇಂಜಿನ್ನು ನಿಂತಿತು. ಅದಕ್ಕೇ ಪೆಟ್ರೋಲಿಗೆ ಬೆರೆಸುವ ಎಥನಾಲು ಸುಮಾರು 99.5 ಭಾಗ ಶುದ್ಧ ಇರಬೇಕು ಅಂತ ನಿಯಮ. ಮಳೆಗಾಲದಲ್ಲಿ ಬೈಕಿನ ಟ್ಯಾಂಕಿನ ಮುಚ್ಚಳ ಭದ್ರವಾಗಿರಲಿ ಎಂದು ನಿಮ್ಮ ಹುಡುಗರಿಗೆ ಹೇಳಿ. ಈಗ ಬಂಕಿನಲ್ಲಿ ಹಾಕುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗದವರೆಗೂ ಎಥನಾಲು ಇರುತ್ತದೆ.

ಇದು ಹೊಸ ಯೋಚನೆ ಏನಲ್ಲ. ಪೆಟ್ರೋಲಿಗೆ ಮದ್ಯಸಾರ ಬೆರೆಸಲು 1948ರಲ್ಲೇ ಪವರ್ ಆಲ್ಕೋಹಾಲ್ ಕಾಯ್ದೆ ಅಂತ ಕೇಂದ್ರ ಸರ್ಕಾರ ಮಾಡಿತ್ತು. ಕಾಯ್ದೆ ಪುಸ್ತಕದಲ್ಲಿ ಉಳಿಯಿತು. ಆಮೇಲೆ 2003ರಲ್ಲಿ ಕರ್ನಾಟಕವೂ ಸೇರಿ 9 ರಾಜ್ಯಗಳಲ್ಲಿ ನೂರಕ್ಕೆ 5ರಂತೆ ಬೆರೆಸುವ ಕೆಲಸ ಶುರುವಾಯಿತು. ನಿಗದಿ ಬೆಲೆಗೆ ಕೊಳ್ಳುವ ಪದ್ಧತಿ 2014ರ ಕೊನೆಗೆ ಬಂದ ಮೇಲೆಯೇ ಅದು ಕಾಲೂರಿದ್ದು.

ಈಗ ಯಂತ್ರದ ಕಡೆ ಬನ್ನಿ. ಕಬ್ಬಿನ ಹಾಲಿಗೋ ಕಾಕಂಬಿಗೋ ಹುದುಗು ಹಾಕಿದರೆ ಸಕ್ಕರೆಯಲ್ಲಿ ತೂಕದ ಅರ್ಧಭಾಗ ಮದ್ಯಸಾರವಾಗ್ತದೆ, ಇನ್ನರ್ಧ ಅನಿಲವಾಗಿ ಹೋಗ್ತದೆ. ಆದರೆ ಹುಳಿಬಂದ ಆ ರಸದಲ್ಲಿ ಮದ್ಯಸಾರ ಇರೋದು ನೂರಕ್ಕೆ 8ರಿಂದ 10 ಭಾಗ, ಉಳಿದದ್ದೆಲ್ಲ ನೀರು ಮತ್ತು ಗಷ್ಟು. ಅದನ್ನು ಕಾಯಿಸಿ ಬಟ್ಟಿ ಇಳಿಸಬೇಕು. ಶುದ್ಧ ಮದ್ಯಸಾರ 78.3 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಬೇಗ ಕುದಿಯುವುದು ಮೇಲೆ ಹೋಗ್ತದೆ, ತಡವಾಗಿ ಕುದಿಯುವುದು ಕೆಳಗೆ ಉಳೀತದೆ. ಒಂದೇ ಸಲಕ್ಕೆ ಬೇರೆ ಆಗೋದಿಲ್ಲ. ಎತ್ತರದ ಗೋಪುರದೊಳಗೆ ತಟ್ಟೆಯ ಮೇಲೆ ತಟ್ಟೆ ಇಟ್ಟು, ಪ್ರತಿ ತಟ್ಟೆಯಲ್ಲೂ ಆವಿ ತಣಿದು ಮತ್ತೆ ಕುದಿದು, ಹೀಗೆ ಹತ್ತಾರು ಸಲ ಆದ ಮೇಲೆ ಗೋಪುರದ ನೆತ್ತಿಯಲ್ಲಿ ನೂರಕ್ಕೆ 95ರ ಮದ್ಯಸಾರ ಸಿಗುತ್ತದೆ.

ಅಲ್ಲಿಗೆ ಬಂದು ಗಾಡಿ ನಿಂತುಬಿಡ್ತದೆ. ಇನ್ನೆಷ್ಟು ಎತ್ತರದ ಗೋಪುರ ಕಟ್ಟಿದರೂ, ಇನ್ನೆಷ್ಟು ಸೌದೆ ಉರಿಸಿದರೂ ಮುಂದಕ್ಕೆ ಹೋಗೋದಿಲ್ಲ. ಯಾಕೆ?

ಕಣದಲ್ಲಿ ರಾಶಿ ತೂರಿದವರಿಗೆ ಇದು ಬೇಗ ತಿಳಿಯುತ್ತದೆ. ಗಾಳಿಗೆ ಹಿಡಿದಾಗ ಹೊಟ್ಟು ಹಾರ್ತದೆ, ಕಾಳು ಕಾಲ ಬಳಿ ಬೀಳ್ತದೆ. ಎರಡಕ್ಕೂ ತೂಕದಲ್ಲಿ ವ್ಯತ್ಯಾಸ ಇರೋದರಿಂದ ಗಾಳಿ ಕೆಲಸ ಮಾಡ್ತದೆ. ಆದರೆ ಕಾಳಿನಷ್ಟೇ ತೂಗುವ ಸಣ್ಣ ಹರಳು ರಾಶಿಯಲ್ಲಿದ್ದರೆ? ಇಡೀ ದಿನ ತೂರಿದರೂ ಹರಳು ಕಾಳಿನ ಜತೆಗೇ ಬೀಳ್ತದೆ. ಮದ್ಯಸಾರ ತೂಕದಲ್ಲಿ ನೂರಕ್ಕೆ 95.6 ಭಾಗ ಆದಾಗ ಇದೇ ಆಗುವುದು. ಆ ಮಿಶ್ರಣ 78.2 ಡಿಗ್ರಿಗೆ, ಅಂದರೆ ಶುದ್ಧ ಮದ್ಯಸಾರಕ್ಕಿಂತಲೂ ಒಂದು ಕೂದಲೆಳೆ ಕಡಿಮೆಗೆ, ಒಂದೇ ವಸ್ತುವಿನ ಹಾಗೆ ಕುದಿಯುತ್ತದೆ. ಕೆಳಗಿನ ದ್ರವದಲ್ಲಿ ಎಷ್ಟು ನೀರಿದೆಯೋ ಮೇಲೆದ್ದ ಆವಿಯಲ್ಲೂ ಅಷ್ಟೇ ನೀರು. ಇನ್ನು ಬೇರೆ ಮಾಡುವುದು ಹೇಗೆ? ವಿಜ್ಞಾನದವರು ಇದಕ್ಕೆ ಅಜಿಯೋಟ್ರೋಪ್ ಅಂತ ಹೆಸರಿಟ್ಟಿದ್ದಾರೆ.

ಈ ಕಗ್ಗಂಟನ್ನು ಬಿಡಿಸಲು ನೂರು ವರ್ಷಕ್ಕೂ ಹಿಂದಿನಿಂದ ದಾರಿ ಹುಡುಕಿದ್ದಾರೆ. ಪ್ರಯೋಗಶಾಲೆಯಲ್ಲಿ ಹಿಂದೆ ಸುಟ್ಟ ಸುಣ್ಣ ಹಾಕಿ ನೀರು ಹೀರಿಸುತ್ತಿದ್ದರು. 1902ರಲ್ಲಿ ಸಿಡ್ನಿ ಯಂಗ್ ಎಂಬ ಇಂಗ್ಲಿಷ್ ವಿಜ್ಞಾನಿ ಬೆಂಜೀನ್ ಬೆರೆಸಿ ಬಟ್ಟಿ ಇಳಿಸುವ ದಾರಿ ತೋರಿಸಿದ. ಬೆಂಜೀನು ನೀರನ್ನು ಹೆಗಲ ಮೇಲೆ ಹೊತ್ತುಕೊಂಡು ಗೋಪುರದ ಮೇಲಕ್ಕೆ ಹೋಗ್ತದೆ, ಒಣ ಮದ್ಯಸಾರ ತಳದಲ್ಲಿ ಸಿಗ್ತದೆ. ಪ್ರಪಂಚದ ಕಾರ್ಖಾನೆಗಳೆಲ್ಲ ಬಹುಕಾಲ ಇದನ್ನೇ ಮಾಡಿದವು. ಬೆಂಜೀನು ಕ್ಯಾನ್ಸರ್ ತರುವ ವಸ್ತು ಎಂದು ಖಚಿತವಾದ ಮೇಲೆ ಅದರ ಜಾಗಕ್ಕೆ ಸೈಕ್ಲೋಹೆಕ್ಸೇನ್ ಬಂತು. ಆದರೆ ಈ ಹೊರುವ ಆಳಿನ ಪದ್ಧತಿಯಲ್ಲಿ ಒಂದು ದೊಡ್ಡ ನಷ್ಟ ಇದೆ. ಹೊರುವವನನ್ನೂ ಕುದಿಸಿ ಆವಿ ಮಾಡಬೇಕು, ತಣಿಸಿ ಕೆಳಗಿಳಿಸಬೇಕು, ಮತ್ತೆ ಕುದಿಸಬೇಕು. ನೀರು ಸ್ವಲ್ಪ, ಅದನ್ನು ಹೊರುವವನ ಊಟವೇ ಜಾಸ್ತಿ.

ಎರಡನೆಯ ದಾರಿಯಲ್ಲಿ ಹೊರುವ ಆಳಿನ ಬದಲು ಕಾಲು ಹಿಡಿದು ಎಳೆಯುವ ಆಳನ್ನು ಕರೆಸ್ತಾರೆ. ಇದೇ ಎಕ್ಸ್‌ಟ್ರಾಕ್ಟಿವ್ ಡಿಸ್ಟಿಲೇಶನ್, ಅಂದರೆ ಹೀರಿಕೊಂಡು ಬಟ್ಟಿ ಇಳಿಸುವುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕೆಂದರೆ ಕಾರ್ಖಾನೆಯ ಖರ್ಚಿನ ಗುಟ್ಟು ಇದರಲ್ಲಿ ಚೆನ್ನಾಗಿ ಕಾಣ್ತದೆ.

ಎಥಿಲೀನ್ ಗ್ಲೈಕಾಲ್ ಎಂಬ ಒಂದು ದ್ರವ ಇದೆ. ಲಾರಿ, ಟ್ರ್ಯಾಕ್ಟರ್‌ಗಳ ರೇಡಿಯೇಟರಿಗೆ ಹಾಕುವ ಬಣ್ಣದ ನೀರಿನಲ್ಲಿ ಇರೋದು ಇದೇ. ತೈಲದ ಹಾಗೆ ಮಂದ. ಇದು 197 ಡಿಗ್ರಿಗೆ ಕುದಿಯುತ್ತದೆ. ನೀರಿನ ಮೇಲೆ ಇದಕ್ಕೆ ಬಹಳ ಮೋಹ. ಮದ್ಯಸಾರದ ಮೇಲೆ ಅಷ್ಟಿಲ್ಲ. ಗೋಪುರದ ನಡುವಿಗೆ 95ರ ಮದ್ಯಸಾರವನ್ನು ಬಿಡ್ತಾರೆ. ನೆತ್ತಿಗಿಂತ ಕೆಲವು ತಟ್ಟೆ ಕೆಳಗೆ ಈ ಗ್ಲೈಕಾಲನ್ನು ಬಿಡ್ತಾರೆ. ಅದು ತಟ್ಟೆಯಿಂದ ತಟ್ಟೆಗೆ ಕೆಳಗೆ ಹರಿಯುತ್ತಾ ಬರ್ತದೆ, ಮೇಲೇರುವ ಆವಿ ಅದರೊಳಗೆ ಗುಳುಗುಳು ಎಂದು ತೂರಿಕೊಂಡು ಹೋಗಬೇಕು. ಹೋಗುವಾಗ ಆವಿಯಲ್ಲಿದ್ದ ನೀರನ್ನು ಗ್ಲೈಕಾಲು ಹಿಡಿದುಕೊಳ್ತದೆ. ಮದ್ಯಸಾರ ಕೈ ಬಿಡಿಸಿಕೊಂಡು ಮೇಲೆ ಹೋಗ್ತದೆ. ಕಣದ ಮಾತಿಗೇ ಬಂದರೆ, ಕಾಳಿನಷ್ಟೇ ತೂಗುತ್ತಿದ್ದ ಹರಳಿಗೆ ಮಾತ್ರ ಅಂಟುವಂಥ ಜಿಗುಟು ಮಣ್ಣು ಎರಚಿದ ಹಾಗೆ. ಹರಳು ಭಾರವಾಯಿತು, ಈಗ ಗಾಳಿ ಮತ್ತೆ ಕೆಲಸ ಮಾಡ್ತದೆ. ನೆತ್ತಿಯಲ್ಲಿ 99.5ಕ್ಕೂ ಮೇಲಿನ ಒಣ ಎಥನಾಲು ಹೊರಗೆ ಬರ್ತದೆ. ಗ್ಲೈಕಾಲು ಆವಿಯ ಜತೆ ಹೋಗಿಬಿಡದ ಹಾಗೆ ಅದನ್ನು ಬಿಡುವ ಜಾಗದ ಮೇಲೂ ಕೆಲವು ತಟ್ಟೆ ಇಟ್ಟಿರ್ತಾರೆ.

ಇನ್ನು ತಳದಲ್ಲಿ ನೀರು ಹಿಡಿದ ಗ್ಲೈಕಾಲು ಉಳಿಯಿತು. ಇದನ್ನು ಎರಡನೆಯ ಗೋಪುರಕ್ಕೆ ಕಳಿಸ್ತಾರೆ. ಇಲ್ಲಿ ಕೆಲಸ ಸುಲಭ, ಯಾಕೆಂದರೆ ನೀರು 100ಕ್ಕೆ ಕುದಿಯುವುದು, ಗ್ಲೈಕಾಲು 197ಕ್ಕೆ. ನಡುವೆ ಬೇಕಾದಷ್ಟು ಅಂತರ. ಬಹಳ ಕಾಯಿಸಿದರೆ ಗ್ಲೈಕಾಲು ಕೆಡ್ತದೆ ಅಂತ ಗೋಪುರದೊಳಗಿನ ಗಾಳಿ ಎಳೆದು ಒತ್ತಡ ಇಳಿಸಿರ್ತಾರೆ. ಬೆಟ್ಟದ ಮೇಲೆ ನೀರು ಬೇಗ ಕುದಿಯುವ ಹಾಗೆ ಇಲ್ಲೂ ಕಡಿಮೆ ಶಾಖದಲ್ಲೇ ನೀರು ಆವಿಯಾಗಿ ಹೋಗ್ತದೆ. ತಳದಲ್ಲಿ ಉಳಿದ ಬಿಸಿ ಗ್ಲೈಕಾಲಿನ ಶಾಖವನ್ನು ಹೊಸದಾಗಿ ಬರುವ ದ್ರವಕ್ಕೆ ಕೊಟ್ಟು, ತಣಿಸಿ, ಮತ್ತೆ ಮೊದಲ ಗೋಪುರದ ಮೇಲಕ್ಕೆ ಕಳಿಸ್ತಾರೆ. ಬಾವಿಯ ಕಪಿಲೆ ಹೊಡೆದ ಹಾಗೆ ಅದೇ ಗ್ಲೈಕಾಲು ಹೋಗ್ತಾ ಬರ್ತಾ ಇರ್ತದೆ. ಸೋರಿ ಹೋಗುವುದು ಅತ್ಯಲ್ಪ. ಅದನ್ನು ಎಲ್ಲಿಯೂ ಪೂರ್ತಿ ಆವಿ ಮಾಡುವ ಕೆಲಸವೇ ಇಲ್ಲವಾದ್ದರಿಂದ ಉರುವಲು ಉಳಿಯುತ್ತದೆ. ಲೀಟರ್ ಎಥನಾಲಿಗೆ ಸೈಕ್ಲೋಹೆಕ್ಸೇನ್ ಪದ್ಧತಿಯಲ್ಲಿ ಸುಮಾರು ಒಂದೂವರೆ ಕಿಲೋ ಹಬೆ ಬೇಕಾದರೆ ಗ್ಲೈಕಾಲ್ ಪದ್ಧತಿಗೆ ಅದರ ಅರ್ಧದಷ್ಟು ಸಾಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗ್ಲೈಕಾಲು ಸಿಹಿ ಇರ್ತದೆ, ಆದರೆ ವಿಷ. ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ. ರೇಡಿಯೇಟರ್ ನೀರನ್ನು ಅಂಗಳದಲ್ಲಿ ಚೆಲ್ಲಿದರೆ ಸಿಹಿಗೆ ನಾಯಿಯೋ ಕರುವೋ ನೆಕ್ಕೀತು. ಟ್ರ್ಯಾಕ್ಟರ್ ಇರುವವರು ಇದನ್ನು ಮನಸ್ಸಿನಲ್ಲಿಡಿ. ಗ್ಲಿಸರಿನ್‌ಗೆ ಈ ದೋಷ ಇಲ್ಲ. ಅದೂ ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ 290 ಡಿಗ್ರಿಗೆ ಕುದಿಯುವುದರಿಂದ ಅದನ್ನು ಚೊಕ್ಕ ಮಾಡಿ ಹಿಂದಕ್ಕೆ ಪಡೆಯಲು ಹೆಚ್ಚು ಶಾಖ ಬೇಕು. ಹೊಂಗೆಯಂಥ ಎಣ್ಣೆಯಿಂದ ಬಯೋಡೀಸೆಲ್ ಮಾಡುವಾಗ 100 ಕಿಲೋಗೆ ಸುಮಾರು 10 ಕಿಲೋ ಗ್ಲಿಸರಿನ್ ಉಪಉತ್ಪನ್ನವಾಗಿ ಬರ್ತದೆ, ಆದ್ದರಿಂದ ಈ ಕೆಲಸಕ್ಕೆ ಅದನ್ನು ಬಳಸುವ ಬಗ್ಗೆ ಸಂಶೋಧನೆಗಳು ಬೇಕಾದಷ್ಟು ನಡೆದಿವೆ.

ಮೂರನೆಯದು ಜರಡಿ ಪದ್ಧತಿ, ಮಾಲಿಕ್ಯುಲರ್ ಸೀವ್ ಅಂತಾರೆ. ನಮ್ಮ ರಾಜ್ಯದ ಹೊಸ ಘಟಕಗಳಲ್ಲಿ ನೀವು ಹೆಚ್ಚಾಗಿ ನೋಡುವುದು ಇದನ್ನೇ. ಒಂದು ಜಾತಿಯ ಖನಿಜದ ಗುಂಡುಗಳಲ್ಲಿ ಕಣ್ಣಿಗೆ ಕಾಣದ ತೂತು ಇರ್ತವೆ. ನೀರಿನ ಅಣು ಅದರೊಳಗೆ ತೂರ್ತದೆ, ಮದ್ಯಸಾರದ ಅಣು ದಪ್ಪ, ತೂರೋದಿಲ್ಲ. ಗುಂಡು ತುಂಬಿದ ಮೇಲೆ ಗಾಳಿ ಎಳೆದು ನೀರು ಬಿಡಿಸಿ ಮತ್ತೆ ಬಳಸ್ತಾರೆ. ಹಬೆಯ ಖರ್ಚು ಗ್ಲೈಕಾಲಿಗಿಂತ ಇನ್ನೂ ಸ್ವಲ್ಪ ಕಡಿಮೆ. ಬ್ರೆಜಿಲ್ ದೇಶದಲ್ಲಿ ಈ ಮೂರೂ ಪದ್ಧತಿಗಳ ಕಾರ್ಖಾನೆಗಳಿವೆ, ಗ್ಲೈಕಾಲ್ ಗೋಪುರಗಳು ದೊಡ್ಡ ಸಂಖ್ಯೆಯಲ್ಲಿವೆ. ಆ ದೇಶದ ಮಾತಿಗೆ ಆಮೇಲೆ ಬರ್ತೀನಿ.

ಈಗ ನಮ್ಮ ಲೆಕ್ಕ. ಪೆನ್ಸಿಲ್ಲು ಇದ್ದವರು ಬರೆದುಕೊಳ್ಳಿ. ಕಬ್ಬಿನ ಹಾಲನ್ನು ನೇರವಾಗಿ ಎಥನಾಲಿಗೆ ಬಿಟ್ಟರೆ ಟನ್ನಿಗೆ ಸುಮಾರು 70 ಲೀಟರ್ ಬರಬಹುದು ಎನ್ನುತ್ತಾರೆ. ನಾವು ಕೈ ಬಿಗಿಹಿಡಿದು 66 ಅಂತ ಇಟ್ಟುಕೊಳ್ಳೋಣ. 66 ಲೀಟರ್ ಒಣ ಎಥನಾಲು ಬರಬೇಕಾದರೆ 95ರ ಮದ್ಯಸಾರ 69 ಲೀಟರ್ ಬೇಕು. ಅಂದರೆ ಕೋಟಿ ಕೋಟಿ ಬೆಲೆಯ ಆ ಒಣಗಿಸುವ ಘಟಕ ನಿಮ್ಮ ಒಂದು ಟನ್ ಕಬ್ಬಿನ ಲೆಕ್ಕದಲ್ಲಿ ತೆಗೆಯುವ ನೀರು ಸುಮಾರು ಮೂರು ಲೀಟರ್. ಒಂದು ಸಣ್ಣ ಬಿಂದಿಗೆಯೂ ತುಂಬೋದಿಲ್ಲ.

ಆ ಮೂರು ಲೀಟರ್ ತೆಗೆಯಲು ಉರುವಲು ಎಷ್ಟು? ಗ್ಲೈಕಾಲೋ ಜರಡಿಯೋ ಇದ್ದರೆ ಲೀಟರ್ ಎಥನಾಲಿಗೆ ಮುಕ್ಕಾಲು ಕಿಲೋ ಹಬೆಗಿಂತ ಹೆಚ್ಚು ಬೇಡ. 66 ಲೀಟರಿಗೆ 50 ಕಿಲೋ ಹಬೆ. ಕಬ್ಬಿನ ಹಿಪ್ಪೆ, ಅವರು ಬಗ್ಯಾಸ್ ಅನ್ನುವುದು, ಒಂದು ಕಿಲೋ ಉರಿಸಿದರೆ ಎರಡು ಕಿಲೋ ಹಬೆ ಬರ್ತದೆ. ಆಯಿತಲ್ಲ, 25 ಕಿಲೋ ಹಿಪ್ಪೆ. ಒಂದು ಟನ್ ಕಬ್ಬು ಅರೆದರೆ ಬರುವ ಹಿಪ್ಪೆ ಸುಮಾರು 280 ಕಿಲೋ. ಅದರಲ್ಲಿ ಹತ್ತನೇ ಒಂದು ಭಾಗವೂ ಒಣಗಿಸುವುದಕ್ಕೆ ಹೋಗೋದಿಲ್ಲ. ಅರೆಯುವುದಕ್ಕೆ, ಹಾಲು ಕಾಯಿಸುವುದಕ್ಕೆ, ಮೊದಲ ಬಟ್ಟಿಗೆ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಬೆ ಬೇಕು, ಅದು ನಿಜ. ಆದರೆ ಅದು ಹಿಂದಿನಿಂದಲೂ ಇದ್ದ ಖರ್ಚು. ಹೊಸದಾಗಿ ತೋರಿಸುವ ಈ ಕೊನೆಯ ಹೆಜ್ಜೆಯ ಖರ್ಚು ಇಷ್ಟು. ಮತ್ತು ಆ ಹಿಪ್ಪೆ ಯಾರ ಹೊಲದಿಂದ ಬಂದದ್ದು? ಕಬ್ಬಿನ ತೂಕದ ಜತೆಗೇ ಅದನ್ನೂ ನಾವು ಕೊಟ್ಟಿದ್ದೇವೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸರ್ಕಾರದ ಬೆಲೆಪಟ್ಟಿಯಲ್ಲೇ ಇದೆ. 2024-25ರ ಎಥನಾಲ್ ವರ್ಷಕ್ಕೆ ಕಬ್ಬಿನ ಹಾಲಿನಿಂದ ಮಾಡಿದ ಎಥನಾಲಿಗೆ ಲೀಟರಿಗೆ 65.61 ರೂಪಾಯಿ. ಸಕ್ಕರೆ ಒಂದಿಷ್ಟು ಉಳಿಸಿಕೊಂಡ ಬಿ ಕಾಕಂಬಿಯದಕ್ಕೆ 60.73. ಸಕ್ಕರೆಯೆಲ್ಲ ತೆಗೆದ ಮೇಲೆ ಉಳಿಯುವ ಸಿ ಕಾಕಂಬಿಯದಕ್ಕೆ 57.97. ಟ್ಯಾಂಕರಿಗೆ ತುಂಬಿದ ಮೇಲೆ ಮೂರೂ ಒಂದೇ ಎಥನಾಲು. ಅದೇ ಗೋಪುರ, ಅದೇ ಜರಡಿ, ಅದೇ ಹಬೆ. ಒಣಗಿಸುವ ಖರ್ಚು ಮೂರಕ್ಕೂ ಸಮ. ಹಾಗಾದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ 7.64 ರೂಪಾಯಿ ವ್ಯತ್ಯಾಸ ಯಾತಕ್ಕೆ? ಯಂತ್ರಕ್ಕಲ್ಲ. ಕಬ್ಬಿನಲ್ಲಿದ್ದ, ಸಕ್ಕರೆ ಆಗಬೇಕಾಗಿದ್ದ ಸಿಹಿಗೆ. ಬೆಲೆ ಹೆಚ್ಚು ಕಡಿಮೆ ಆಗುವುದು ಕಬ್ಬಿನ ಮೇಲೆ ಎಂದು ದೆಹಲಿಯವರೇ ಒಪ್ಪಿದ್ದಾರೆ.

ಆದರೆ ಏಕಪಕ್ಷೀಯವಾಗಿ ಮಾತಾಡಬಾರದು. ಕಾರ್ಖಾನೆಯವರ ಗೋಳಿನಲ್ಲಿ ನಿಜವಾದ ಒಂದು ಭಾಗ ಇದೆ, ಅದನ್ನು ನಾವು ತಿಳಿದಿರಬೇಕು. ಹಾಲಿನ ಎಥನಾಲಿನ 65.61 ಎಂಬ ಬೆಲೆ 2022-23ಕ್ಕೆ ನಿಗದಿಯಾದದ್ದು. 2024-25ರಲ್ಲೂ ಅಷ್ಟೇ ಇತ್ತು. ಅದೇ ಅವಧಿಯಲ್ಲಿ ಕಬ್ಬಿನ ಎಫ್.ಆರ್.ಪಿ. ಕ್ವಿಂಟಲಿಗೆ 305ರಿಂದ 340 ರೂಪಾಯಿಗೆ ಏರಿತು. ಇನ್ನೂ ಒಂದು ಕಡೆ, 2023ರ ಡಿಸೆಂಬರ್ 7ರಂದು, ನುರಿಯುವ ಹಂಗಾಮು ನಡೆದಿರುವಾಗಲೇ, ಹಾಲಿನಿಂದ ಎಥನಾಲ್ ಮಾಡಬೇಡಿ ಎಂದು ಕೇಂದ್ರ ಸರ್ಕಾರ ಆಜ್ಞೆ ಮಾಡಿತು. ವಾರದ ಮೇಲೆ ಸ್ವಲ್ಪ ಸಡಿಲ ಮಾಡಿತು. ಪೂರ್ತಿ ತೆಗೆದದ್ದು 2024ರ ಆಗಸ್ಟಿನಲ್ಲಿ, ಮುಂದಿನ ಹಂಗಾಮಿಗೆ. ಸಾಲ ಮಾಡಿ ಕಟ್ಟಿದ ಗೋಪುರ ಸುಮ್ಮನೆ ನಿಂತಿತು. ಪಟ್ಟಣದಲ್ಲಿ ಸಕ್ಕರೆ ಅಗ್ಗವಾಗಿರಬೇಕು, ಅದಕ್ಕೆ ಹಳ್ಳಿ ಬೆಲೆ ತೆರಬೇಕು. ಇದು ಹೊಸ ಕಥೆ ಏನಲ್ಲ, ಲೇವಿ ಕಾಲದಿಂದ ನೋಡಿದ್ದೇವೆ. ಎಫ್.ಆರ್.ಪಿ. ಏರಿದ ಹಾಗೆ ಎಥನಾಲಿನ ಬೆಲೆಯೂ ಏರಬೇಕು ಎಂದು ಕೇಳುವುದರಲ್ಲಿ ನಮಗೂ ಕಾರ್ಖಾನೆಗೂ ಜಗಳವಿಲ್ಲ. ಆ ಮಾತನ್ನು ದೆಹಲಿಗೆ ಹೇಳುವ ಬದಲು ನಮ್ಮ ಬಿಲ್ಲಿನಲ್ಲಿ ಕತ್ತರಿಸುತ್ತಾರಲ್ಲ, ಅದಕ್ಕೆ ಜಗಳ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಟನ್ನಿಗೆ 3,500 ಕೇಳಿ ರೈತರು ರಸ್ತೆಯಲ್ಲಿ ಕೂತಾಗಲೂ ಎಥನಾಲಿನ ಈ ಮಾತು ಎದ್ದು ಬಂತು.

ಇನ್ನು ನಿಮ್ಮ ಬಿಲ್ಲಿಗೆ ನೇರವಾಗಿ ತಾಗುವ ಒಂದು ನಿಯಮ ಹೇಳ್ತೀನಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಫ್.ಆರ್.ಪಿ. ನಿಂತಿರುವುದು ಇಳುವರಿಯ ಮೇಲೆ, ಅಂದರೆ ನೂರು ಕಿಲೋ ಕಬ್ಬಿಗೆ ಎಷ್ಟು ಸಕ್ಕರೆ ಬಂತು ಎಂಬುದರ ಮೇಲೆ. 2024-25ರಲ್ಲಿ 10.25 ಇಳುವರಿಗೆ 340 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೆ 3.32 ರೂಪಾಯಿ ಹೆಚ್ಚು. ಈಗ ಹಾಲನ್ನೋ ಬಿ ಕಾಕಂಬಿಯನ್ನೋ ಎಥನಾಲಿಗೆ ತಿರುಗಿಸಿದರೆ ಸಕ್ಕರೆ ಚೀಲ ಕಡಿಮೆ ಬೀಳ್ತದೆ. ಕಾಗದದ ಮೇಲೆ ಇಳುವರಿ ಇಳೀತು! ಕಬ್ಬು ಅದೇ, ಸಿಹಿ ಅದೇ, ಇಳುವರಿ ಮಾತ್ರ ಮಾಯ. ಇದಕ್ಕಾಗಿಯೇ 2018ರಲ್ಲಿ ಕಬ್ಬು ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು, ಹಾಲಿನಿಂದಾಗಲಿ ಬಿ ಕಾಕಂಬಿಯಿಂದಾಗಲಿ ಮಾಡಿದ ಪ್ರತಿ 600 ಲೀಟರ್ ಎಥನಾಲನ್ನು ಒಂದು ಟನ್ ಸಕ್ಕರೆ ಎಂದು ಲೆಕ್ಕಕ್ಕೆ ಸೇರಿಸಿಯೇ ಇಳುವರಿ ಕಟ್ಟಬೇಕು ಎಂದರು. ನಮ್ಮ 66 ಲೀಟರನ್ನು 600ರಿಂದ ಭಾಗಿಸಿ. ಟನ್ ಕಬ್ಬಿಗೆ 0.11 ಟನ್ ಸಕ್ಕರೆ, ಅಂದರೆ 11 ಇಳುವರಿ. ಕ್ವಿಂಟಲಿಗೆ 340 ಅಲ್ಲ, 364.90. ಟನ್ನಿಗೆ 249 ರೂಪಾಯಿ ವ್ಯತ್ಯಾಸ. ಎಕರೆಗೆ 40 ಟನ್ ಬೆಳೆದವನಿಗೆ ಹತ್ತು ಸಾವಿರ ರೂಪಾಯಿ ಆಯಿತು. ನಿಮ್ಮ ಕಾರ್ಖಾನೆಯ ಇಳುವರಿ ಲೆಕ್ಕದಲ್ಲಿ ಈ ಎಥನಾಲು ಸೇರಿದೆಯೋ ಇಲ್ಲವೋ, ಎಷ್ಟು ಲೀಟರ್ ಸೇರಿದೆ, ಇದನ್ನು ಕೇಳುವ ಹಕ್ಕು ನಿಮಗಿದೆ. ಪೆಟ್ರೋಲ್ ಕಂಪನಿಗೆ ಕಳಿಸಿದ ಲೀಟರಿಗೆ ದಾಖಲೆ ಇರ್ತದೆ, ಮುಚ್ಚಿಡಲು ಆಗೋದಿಲ್ಲ.

ಸಿ ಕಾಕಂಬಿಯ ವಿಚಾರ ಬೇರೆ. ಅಲ್ಲಿ ಸಕ್ಕರೆಯೆಲ್ಲ ಮೊದಲೇ ತೆಗೆದಾಗಿದೆ, ಇಳುವರಿಗೆ ಏನೂ ಸೇರೋದಿಲ್ಲ. ಟನ್ ಕಬ್ಬಿಗೆ ಸುಮಾರು 45 ಕಿಲೋ ಕಾಕಂಬಿ, ಅದರಿಂದ 10 ಲೀಟರ್ ಎಥನಾಲ್. 57.97ರಂತೆ ಟನ್ ಕಬ್ಬಿನ ಮೇಲೆ 580 ರೂಪಾಯಿ ಹತ್ತಿರ. ಇದರಲ್ಲಿ ನಮಗೇನು? 1961ರ ಕಾಕಂಬಿ ನಿಯಂತ್ರಣ ಆದೇಶದ ಕಾಲದಲ್ಲಿ ಕಾಕಂಬಿಗೆ ಸರ್ಕಾರ ಕಟ್ಟಿದ್ದು ಕಾಸಿನ ಬೆಲೆ. 1993ರಲ್ಲಿ ಆ ನಿಯಂತ್ರಣ ಹೋಯಿತು. 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಉಪಉತ್ಪನ್ನಗಳ ಹುಟ್ಟುವಳಿಯಲ್ಲಿ ನೂರಕ್ಕೆ 70 ಭಾಗ ಬೆಳೆಗಾರನಿಗೆ ಎಂದು ಹೇಳಿತು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಉಪಉತ್ಪನ್ನ ಎಂದರೆ ಕಾಕಂಬಿ, ಹಿಪ್ಪೆ, ಮಡ್ಡಿ, ಇಷ್ಟಕ್ಕೇ ಗೆರೆ ಎಳೆಯಿತು. ಕಾಕಂಬಿಯಿಂದಾಚೆಗಿನ ಎಥನಾಲು ಗೆರೆಯ ಆ ಕಡೆ. ಕರ್ನಾಟಕವೂ 2013ರಲ್ಲಿ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣ ಕಾಯ್ದೆ ಮಾಡಿ ಮಂಡಳಿ ರಚಿಸಿದೆ. ಗೆರೆ ಎಲ್ಲಿರಬೇಕು ಎಂಬ ಜಗಳ ಆಡಬೇಕಾದ ಜಾಗ ಅದು.

ಈ ಗೆರೆಯ ಹತ್ತಿರವೇ ಕೈಚಳಕ ನಡೆಯೋದು. ಸಕ್ಕರೆ ಕಾರ್ಖಾನೆಯೂ ಅವರದೇ, ಪಕ್ಕದ ಡಿಸ್ಟಿಲರಿಯೂ ಅವರದೇ. ಬಲಗೈಯಿಂದ ಎಡಗೈಗೆ ಕಾಕಂಬಿ ಮಾರುವಾಗ ಎಷ್ಟು ಬೆಲೆ ಹಾಕಿಕೊಳ್ತಾರೆ? ಕಡಿಮೆ ಹಾಕಿದಷ್ಟೂ ಗೆರೆಯ ಈ ಕಡೆ, ನಾವು ಪಾಲು ಕೇಳಬಹುದಾದ ಕಡೆ, ಬಡವಾಗ್ತದೆ. ಆ ಕಡೆ ದಪ್ಪವಾಗ್ತದೆ. ಒಣಗಿಸುವ ಯಂತ್ರದ ಖರ್ಚು ದೊಡ್ಡದಾಗಿ ಕಾಣಬೇಕು ಎಂಬ ಆತುರ ಯಾಕೆ ಎಂದು ಈಗ ತಿಳಿಯಿತಲ್ಲ.

ಬ್ರೆಜಿಲಿನ ಮಾತು ಹೇಳ್ತೀನಿ ಅಂದಿದ್ದೆ. ಅಲ್ಲಿ 1973ರಲ್ಲಿ ತೈಲದ ಬೆಲೆ ಏರಿ ದೇಶ ದಿವಾಳಿಯ ಅಂಚಿಗೆ ಬಂದಾಗ, 1975ರ ನವೆಂಬರಿನಲ್ಲಿ ಪ್ರೊಆಲ್ಕೂಲ್ ಎಂಬ ಯೋಜನೆ ಮಾಡಿದರು. ಮೊದಲು ಒಣ ಎಥನಾಲನ್ನು ಪೆಟ್ರೋಲಿಗೆ ಬೆರೆಸಿದರು. 1979ರಿಂದ ಬರೀ ಮದ್ಯಸಾರದಲ್ಲೇ ಓಡುವ ಕಾರುಗಳು ಬಂದವು. ಅವಕ್ಕೆ ಒಣಗಿಸಿದ್ದೇ ಬೇಕಾಗಿಲ್ಲ. 95ರ ಮದ್ಯಸಾರವನ್ನು ಹಾಗೇ ಬಂಕಿನಲ್ಲಿ ಹಾಕ್ತಾರೆ, ಇಂದಿಗೂ ಹಾಕ್ತಾರೆ. ಪೆಟ್ರೋಲಿನ ಜತೆ ಬೆರೆಸದೆ ಹೋದರೆ ಮೂರು ಲೀಟರ್ ನೀರಿನ ರಗಳೆಯೇ ಇಲ್ಲ ನೋಡಿ. 1989ರ ಸುಮಾರಿಗೆ ಸಕ್ಕರೆಗೆ ಒಳ್ಳೆ ಬೆಲೆ ಬಂದು ಕಾರ್ಖಾನೆಗಳು ಆ ಕಡೆ ತಿರುಗಿದಾಗ ಬಂಕುಗಳಲ್ಲಿ ಮದ್ಯಸಾರವೇ ಇಲ್ಲದೆ ಕಾರು ಕೊಂಡವರು ಕಷ್ಟಕ್ಕೆ ಬಿದ್ದರು, ಅದೂ ಆಗಿದೆ. ಎಲ್ಲ ಚೆನ್ನ ಅಂತ ನಾನು ಹೇಳ್ತಿಲ್ಲ.

ಅಲ್ಲಿಂದ ನಾವು ಕಲಿಯಬೇಕಾದ್ದು ಗೋಪುರವಲ್ಲ, ಲೆಕ್ಕ. ಸಾವೊ ಪಾಲೊ ರಾಜ್ಯದಲ್ಲಿ 1999ರಲ್ಲಿ ಕಾರ್ಖಾನೆಗಳ ಸಂಘವೂ ಬೆಳೆಗಾರರ ಸಂಘವೂ ಸೇರಿ ಕೊನ್ಸೆಕಾನ ಎಂಬ ಮಂಡಳಿ ಮಾಡಿಕೊಂಡವು. ಕಬ್ಬಿನಲ್ಲಿ ಎಷ್ಟು ಕಿಲೋ ಸಿಹಿ ಇದೆ ಎಂದು ಅಳೆಯುತ್ತಾರೆ. ಆ ಸಿಹಿಯ ಕಿಲೋಗೆ ಬೆಲೆ ಕಟ್ಟುವಾಗ ಸಕ್ಕರೆಯ ಬೆಲೆಯನ್ನೂ, ನೀರಿರುವ ಮದ್ಯಸಾರದ ಬೆಲೆಯನ್ನೂ, ಒಣಗಿಸಿದ ಎಥನಾಲಿನ ಬೆಲೆಯನ್ನೂ ಸೇರಿಸಿ ಸರಾಸರಿ ಹಾಕ್ತಾರೆ. ಅದರಲ್ಲಿ ಸುಮಾರು ನೂರಕ್ಕೆ 60 ಭಾಗ ಕಬ್ಬಿನದು. ಒಣಗಿಸುವ ಖರ್ಚು ಕಾರ್ಖಾನೆಯ ಪಾಲಿನಲ್ಲಿ ಸೇರಿದೆ. ಒಣಗಿಸಿದ್ದರ ಬೆಲೆ ಬೆಳೆಗಾರನ ಲೆಕ್ಕದಲ್ಲೂ ಇದೆ. ಆ ಸೂತ್ರ ಹಳತಾಯಿತು, ಬದಲಿಸಿ ಎಂದು ಅಲ್ಲಿಯ ಬೆಳೆಗಾರರೂ ಜಗಳ ಆಡಿದ್ದಾರೆ. ಆದರೆ ಅವರು ಆಡುವ ಜಗಳ ಗೆರೆಯ ಒಳಗೆ ನಿಂತು. ನಾವಿನ್ನೂ ಆಚೆ ನಿಂತಿದ್ದೇವೆ.

ಸಾಲದ ಮಾತು ಆಡದೆ ಮುಗಿಸಲಾರೆ. 2018ರಿಂದ ಎಥನಾಲ್ ಘಟಕ ಕಟ್ಟುವವರ ಬ್ಯಾಂಕ್ ಸಾಲಕ್ಕೆ ಬಡ್ಡಿಯಲ್ಲಿ ಅರ್ಧ, ಅಥವಾ ನೂರಕ್ಕೆ 6, ಯಾವುದು ಕಡಿಮೆಯೋ ಅಷ್ಟನ್ನು ಐದು ವರ್ಷ ಕೇಂದ್ರ ಸರ್ಕಾರ ಕೊಡುವ ಯೋಜನೆ ಮಾಡಿತು. ಯಾತಕ್ಕೆ ಎಂದರೆ, ಸಕ್ಕರೆ ಮಾರಿ ದುಡ್ಡು ಬರಲು ತಿಂಗಳುಗಟ್ಟಲೆ ಬೇಕು, ಎಥನಾಲಿನ ದುಡ್ಡು ಸುಮಾರು 21 ದಿನಕ್ಕೆ ಬರ್ತದೆ, ಹಾಗಾಗಿ ರೈತರ ಬಾಕಿ ಬೇಗ ತೀರುತ್ತದೆ ಎಂಬ ಕಾರಣ ಹೇಳಿ. ಅಂದರೆ ನಮ್ಮ ಹೆಸರಿನಲ್ಲಿ. ಸರಿ, 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಕ್ಕೆ ಹಣ ಕೊಡಬೇಕು, ತಪ್ಪಿದರೆ ನೂರಕ್ಕೆ 15 ಬಡ್ಡಿ. ಆ ಬಡ್ಡಿ ಪಡೆದವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ಬಿಲ್ಲು ತಡವಾದರೆ ಹೋಗುವುದು ಬರೀ ಆ 15 ಅಲ್ಲ. ಸೊಸೈಟಿಯ ಬೆಳೆಸಾಲದ ಬಡ್ಡಿ ರಿಯಾಯಿತಿ ಸಿಗುವುದು ಗಡುವಿನೊಳಗೆ ಕಟ್ಟಿದವನಿಗೆ ಮಾತ್ರ. ಕಾರ್ಖಾನೆ ಎರಡು ತಿಂಗಳು ತಡ ಮಾಡಿತು, ನಿಮ್ಮ ಗಡುವು ತಪ್ಪಿತು, ರಿಯಾಯಿತಿ ಹೋಯಿತು, ಮುಂದಿನ ಸಾಲಕ್ಕೂ ಅಡ್ಡಿ. ಬಡ್ಡಿ ರಿಯಾಯಿತಿ ಪಡೆದ ಗೋಪುರದ ಹಬೆ ಮಾತ್ರ ಮೇಲೆ ಹೋಗ್ತಾ ಇರ್ತದೆ.

ಒಬ್ಬರು ಚೀಟಿಯಲ್ಲಿ ಕೇಳಿದ್ದಾರೆ: ನಾವೇ ಹತ್ತಾರು ರೈತರು ಸೇರಿ ಆಲೆಮನೆಯ ಹಾಗೆ ಸಣ್ಣ ಎಥನಾಲ್ ಘಟಕ ಮಾಡಬಾರದೇ? ಹುದುಗು ಹಾಕಿ ಬಟ್ಟಿ ಇಳಿಸಲು ಅಬಕಾರಿ ಪರವಾನಗಿ ಬೇಕು, ಅದು ಮೊದಲ ಗೋಡೆ. ಎರಡನೆಯದು ಇದೇ ಮೂರು ಲೀಟರ್ ನೀರು. ಗೋಪುರವೂ ನಿರ್ವಾತ ಪಂಪೂ ಸಣ್ಣದಾದಷ್ಟು ಲೀಟರಿಗೆ ಬೀಳುವ ಖರ್ಚು ಏರ್ತದೆ. ಸೌದೆ ಉಳಿಸಲು ಹೋಗಿ ಕೊಡಲಿ ಮುರಿದುಕೊಂಡ ಹಾಗಾದೀತು. ಸಹಕಾರಿ ಕಾರ್ಖಾನೆಗಳಲ್ಲಿ ನಮ್ಮದೇ ಷೇರು ಇದೆಯಲ್ಲ, ಮೊದಲು ಅಲ್ಲಿ ಬಾಯಿ ಬಿಡೋಣ. ವಾರ್ಷಿಕ ಸಭೆ ಸೆಪ್ಟೆಂಬರಿನೊಳಗೆ ಬರ್ತದೆ. ವರದಿಯ ಪುಸ್ತಕವನ್ನು ಸಭೆಯ ದಿನ ಊಟದ ಪೊಟ್ಟಣದ ಜತೆ ಅಲ್ಲ, ಮುಂಚೆಯೇ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಡಿಸ್ಟಿಲರಿಗೆ ಕಳಿಸಿದ ಕಾಕಂಬಿ ಎಷ್ಟು ಟನ್, ಟನ್ನಿಗೆ ಯಾವ ಬೆಲೆ ಹಾಕಿದ್ದಾರೆ, ಅದೇ ತಿಂಗಳು ಹೊರಗಿನವರಿಗೆ ಮಾರಿದ್ದರೆ ಯಾವ ಬೆಲೆಗೆ ಮಾರಿದ್ದಾರೆ, ಆ ಎರಡು ಸಾಲುಗಳನ್ನು ಮೊದಲು ನೋಡಿ. ಆಮೇಲೆ ಹಬೆಯ ಲೆಕ್ಕ: ಲೀಟರಿಗೆ ಎಷ್ಟು ಕಿಲೋ. ಮುಕ್ಕಾಲು ಕಿಲೋ ಮೀರಿ ತೋರಿಸಿದ್ದರೆ ಯಂತ್ರ ಹಳೆಯದೋ ಲೆಕ್ಕ ಹೊಸದೋ ಎಂದು ಎದ್ದು ನಿಂತು ಕೇಳಿ.